ಬೆಳಕಿಗೊಂದು ಜಾಗ

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯುದ್ದಕ್ಕೂ ಹೊಸ ಮನೆಗಳು ಏಳುತ್ತಿವೆ. ಹುಕ್ಕೇರಿಯ ಕಡೆಗೂ ಅಷ್ಟೇ. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಹಳೆ ಮನೆ ಬೀಳಿಸಿ ಆರ್‌ಸಿಸಿ ಹಾಕಿಸುತ್ತಾರೆ, ಮುಂಭಾಗಕ್ಕೆ ನೀಲಿ ಗಾಜು ಹಚ್ಚಿಸುತ್ತಾರೆ. ಒಳಗೆ ಕಾಲಿಟ್ಟರೆ ನಡುಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಇಷ್ಟು ಗಾಜು ಕೂರಿಸಿಯೂ ಮನೆಯೊಳಗೆ ಕತ್ತಲೆ ಏಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ.

ಮನೆಗೆ ಅಂಟಿಕೊಂಡಂತೆ ಗಾಜಿನದೊಂದು ಕೋಣೆ ಕಟ್ಟಿ, ಗಿಡಗಳ ನಡುವೆ ಬಿಸಿಲಿಗೆ ಕೂರುವ ಪದ್ಧತಿ ಇಂಗ್ಲೆಂಡಿನಂಥ ಚಳಿನಾಡಿನದು. ಅಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಯಿತು, ಗಾಜು ಅಗ್ಗವಾಯಿತು. 1851ರಲ್ಲಿ ಲಂಡನ್ನಿನಲ್ಲಿ ಗಾಜು ಮತ್ತು ಕಬ್ಬಿಣದ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. 1889ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಹಾಕಿದಾಗ ಕಣ್ಣಮುಂದಿದ್ದದ್ದು ಅದೇ ಮಾದರಿ. ಲಂಡನ್ನಿನ ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಂಥಲ್ಲಿ ಒಂದು ಹಿಡಿ ಬಿಸಿಲನ್ನೂ ಗಾಜಿನಿಂದ ಹಿಡಿದಿಟ್ಟುಕೊಳ್ಳಬೇಕು.

ನಮ್ಮ ಸೂರ್ಯನ ದಾರಿಯೇ ಬೇರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ಸೂರ್ಯ ಇಲ್ಲಿ ನಡುನೆತ್ತಿಗೇ ಬರುತ್ತಾನೆ. ಡಿಸೆಂಬರಿನಲ್ಲೂ ನಡುಹಗಲಿಗೆ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಮೇ ತಿಂಗಳಲ್ಲಿ ಗಾಜಿನ ಚಾವಣಿಯ ಕೆಳಗೆ ಇಲ್ಲಿ ಮನುಷ್ಯನೂ ಕೂರಲಾರ, ಗಿಡವೂ ಬಾಳದು. ಆದ್ದರಿಂದ ಗಾಜಿಗೆ ಪರದೆ ಬೀಳುತ್ತದೆ. ಪರದೆ ಬಿದ್ದ ಮೇಲೆ ದೀಪ ಹತ್ತುತ್ತದೆ. ನಮಗೆ ಬೆಳಕು ಬೇಕು, ಬಿಸಿಲು ಬೇಡ. ಇವೆರಡನ್ನೂ ಬೇರ್ಪಡಿಸಿ ಕೊಡುವುದು ನೆರಳು.

ಹಿಂದಿನವರು ಮನೆ ಕಟ್ಟಿದ್ದು ಈ ತಿಳಿವಳಿಕೆಯ ಮೇಲೆ. ವಿದ್ಯುತ್ ಈ ಸೀಮೆಗೆ ಹೊಸದೇನಲ್ಲ; ಗೋಕಾಕ ಫಾಲ್ಸ್‌ನಲ್ಲಿ ಬಹಳ ಹಿಂದೆಯೇ ನೀರಿನಿಂದ ವಿದ್ಯುತ್ ತೆಗೆದರು. ದೇಶದ ಮೊದಮೊದಲ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲೊಂದು 1969ರಲ್ಲಿ ಹುಟ್ಟಿದ್ದು ಹುಕ್ಕೇರಿಯಲ್ಲಿ. ಆದರೂ ನಮ್ಮ ಹಿರಿಯರ ಲೆಕ್ಕದಲ್ಲಿ ದೀಪ ರಾತ್ರಿಗೆ ಸೇರಿದ್ದು. ಹಗಲಿಗೆ ಮುಂದೆ ಕಟ್ಟೆ, ಅದರ ಹಿಂದೆ ಪಡಸಾಲೆ, ಹಿಂದೆ ಹಿತ್ತಲು. ಮಣ್ಣಿನ ಮಾಳಿಗೆಯಾದರೆ ಬೆಳಕಿಂಡಿ, ಮಂಗಳೂರು ಹಂಚಿನ ಮನೆಯಾದರೆ ನಡುವೆ ಒಂದೋ ಎರಡೋ ಗಾಜಿನ ಹಂಚು.

ನಮ್ಮ ಪಡಸಾಲೆಯಲ್ಲೂ ಅಂಥದೊಂದು ಗಾಜಿನ ಹಂಚಿತ್ತು. ಅದರಿಂದ ಬೀಳುವ ಅಂಗೈಯಗಲದ ಬೆಳಕು ಬೆಳಿಗ್ಗೆ ಗೋಡೆಯ ಮೇಲಿದ್ದು, ಹೊತ್ತೇರಿದಂತೆ ನೆಲಕ್ಕಿಳಿದು, ಬೀಸುವ ಕಲ್ಲನ್ನು ದಾಟಿ ಹೊಸ್ತಿಲ ಕಡೆಗೆ ಸರಿಯುತ್ತಿತ್ತು. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ, ಬೆಳಕು ಸರಿದಂತೆ ತಾನೂ ಕುಳಿತಲ್ಲೇ ಸರಿಯುತ್ತಿದ್ದಳು. ‘ಹರಳು ಕಾಣಬೇಕಂದ್ರ ಈ ಬೆಳಕೇ ಬೇಕವಾ’ ಎಂದು ಅವ್ವನಿಗೆ ಹೇಳುತ್ತಿದ್ದಳು. ಬೆಳಕು ಹೊಸ್ತಿಲು ಮುಟ್ಟಿದರೆ ಬುತ್ತಿ ಕಟ್ಟುವ ಹೊತ್ತು. ಅಷ್ಟು ಸಣ್ಣ ಗಾಜು ಮನೆಗೆಲ್ಲ ಸಾಕಾಗುತ್ತಿತ್ತು, ಏಕೆಂದರೆ ಉಳಿದ ಚಾವಣಿಯೆಲ್ಲ ನೆರಳಾಗಿತ್ತು.

ಈ ತಿಳಿವಳಿಕೆ ಊರಿನಿಂದ ಪೂರ್ತಿ ಹೋಗಿಲ್ಲ. ಕಬ್ಬಿನ ಸಸಿ ಬೆಳೆಸುವ ನರ್ಸರಿಗೆ ಹೋಗಿ ನೋಡಿ. ಟ್ರೇಗಳಲ್ಲಿ ಒಂದೊಂದೇ ಕಣ್ಣು ಊರಿ, ಮೇಲೆ ಹಸಿರು ನೆರಳು ಪರದೆ ಕಟ್ಟಿರುತ್ತಾರೆ. ಬಿಸಿಲಿನ ಉರಿ ಕಡಿಮೆಯಾಗಬೇಕು, ಬೆಳಕು ಉಳಿಯಬೇಕು, ಗಾಳಿ ಆಡಬೇಕು. ಸಸಿಗೆ ಇಷ್ಟು ಕಾಳಜಿಯಿಂದ ಜಾಗ ಮಾಡುವ ರೈತ, ಸ್ವಂತ ಮನೆ ಕಟ್ಟುವಾಗ ಮಕ್ಕಳಿಗೂ ಮುದುಕರಿಗೂ ಅಂಥದೇ ಜಾಗ ಬೇಕೆಂಬುದನ್ನು ಏಕೆ ಮರೆಯುತ್ತಾನೆ?

ಮರೆತದ್ದಕ್ಕೆ ಬೆಲೆ ತೆರುವುದು ದೇಹ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಬೆಳಕು. ತೆರೆದ ಕಟ್ಟೆಯ ನೆರಳಿನಲ್ಲಿ ಅದು ಸಾವಿರಗಟ್ಟಲೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ತೊಂದರೆ ಕಡಿಮೆ. ಮುಚ್ಚಿದ ಗಾಜಿನ ಹಿಂದೆ ಎಷ್ಟು ಹೊತ್ತು ಬಿಸಿಲಿಗೆ ಕೂತರೂ ಡಿ ಜೀವಸತ್ವ ಸಿಗುವುದಿಲ್ಲ. ಅದನ್ನು ಚರ್ಮದಲ್ಲಿ ಹುಟ್ಟಿಸುವ ಅತಿನೇರಳೆ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಇದಕ್ಕೆ ತೆರೆದ ಅಂಗಳವೇ ಆಗಬೇಕು.

ಗಿಡಗಳ ಬಗ್ಗೆಯೂ ಒಂದು ಮಾತು. ಒಳಗೆ ನಾಲ್ಕು ಕುಂಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎನ್ನುತ್ತಾರೆ. ಅದಕ್ಕೆ ಆಧಾರವಾಗಿ ತೋರಿಸುವ ನಾಸಾದ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಪೆಟ್ಟಿಗೆಗಳಲ್ಲಿ. ಮನೆಯ ಗಾಳಿಯನ್ನು ಶುದ್ಧ ಮಾಡುವುದು ತೆರೆದ ಕಿಟಕಿಯೇ. ಗಿಡದ ಉಪಕಾರ ಬೇರೆ ಇದೆ. ಪಡುವಣದ ಇಳಿಬಿಸಿಲಿಗೆ ಅಡ್ಡಲಾಗಿ ಹೀರೆ, ಅವರೆ, ಬಸಳೆ ಬಳ್ಳಿ ಹಬ್ಬಿಸಿದರೆ ಗೋಡೆ ಕಾಯುವುದು ತಪ್ಪುತ್ತದೆ. ದಿನಾ ನೀರು ಹಾಕುವ ನೆಪದಲ್ಲಿ ವಯಸ್ಸಾದವರು ಹೊರಗೆ ಬರುತ್ತಾರೆ, ಬಂದವರು ಓಣಿಯವರೊಂದಿಗೆ ಎರಡು ಮಾತಾಡುತ್ತಾರೆ. ಇಡೀ ದಿನ ಒಳಗೇ ದುಡಿಯುವ ಹೆಣ್ಣುಮಕ್ಕಳಿಗೆ ಹಗಲು ಹೇಗೆ ಕಳೆಯಿತೆಂಬುದು ಕಣ್ಣಿಗೆ ಕಾಣುತ್ತದೆ. ಒಳಗೂ ಅಲ್ಲದ ಹೊರಗೂ ಅಲ್ಲದ ಕಟ್ಟೆ, ಪಡಸಾಲೆಯಂಥ ಜಾಗದ ದೊಡ್ಡ ಲಾಭ ಇದೇ: ಮನೆಯಲ್ಲಿದ್ದವರು ಹಗಲಿನಿಂದ ದೂರವಾಗುವುದಿಲ್ಲ, ಓಣಿಯಿಂದಲೂ ದೂರವಾಗುವುದಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ದಕ್ಷಿಣದ ಕಿಟಕಿಯ ಮೇಲೆ ಎರಡಡಿ ಸಜ್ಜಾ ಚಾಚಿದರೆ ಮಾರ್ಚ್ ನಡುವಿನಿಂದ ನಡುಹಗಲಿನ ಬಿಸಿಲು ಕಿಟಕಿಗೆ ತಾಗುವುದಿಲ್ಲ. ಡಿಸೆಂಬರಿನಲ್ಲಿ ಅದೇ ಸಜ್ಜಾದ ಕೆಳಗಿನಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಪೂರ್ವಕ್ಕೆ ತೆರೆದ ಒಂದು ಪಡಸಾಲೆ, ಅದಕ್ಕೆ ಜಾಳಿ, ಕೂರಲು ಒಂದು ಕಟ್ಟೆ, ಪಡುವಣಕ್ಕೆ ಒಂದು ಬಳ್ಳಿ ಸಾಕು.

ಮನೆ ಕಟ್ಟಿಸಬೇಕೆಂದಿರುವವರಲ್ಲಿ ನನ್ನದೊಂದೇ ವಿನಂತಿ. ಎಂಜಿನಿಯರ್ ನಕ್ಷೆ ಹಾಕುವಾಗ ಕಾರಿಗೆ, ಟಿವಿಗೆ, ಶೋಕೇಸಿಗೆ ಜಾಗ ಕೇಳುವ ಮೊದಲು ಹತ್ತಡಿ ಉದ್ದ, ಎಂಟಡಿ ಅಗಲದ ಜಾಗವನ್ನು ಬೆಳಕಿನ ಹೆಸರಿಗೆ ಬರೆಸಿ. ಮನೆಯ ಮುದುಕರು ಮತ್ತು ಮಕ್ಕಳು ಹಗಲೆಲ್ಲ ಎಲ್ಲಿ ಕೂರುತ್ತಾರೆಂದು ವಿಚಾರಿಸಿ, ಆಮೇಲೆ ಪಾಯ ತೋಡಿಸಿ.