ಬಲ್ಲವನ ನಡೆ

ಚದುರಂಗದಲ್ಲಿ ಕಾಯಿಯನ್ನು ಸರಿಸುವುದಕ್ಕೂ ‘ನಡೆ’ಯೆಂದೇ ಹೆಸರು, ಮನುಷ್ಯನ ಆಚರಣೆಗೂ ‘ನಡೆ’ಯೆಂದೇ ಹೆಸರು. ಸಮಬಲನೊಡನೆ ಸೆಣಸುವಾಗ ಕಾಯಿಯ ನಡೆ ಪರೀಕ್ಷೆಗೆ ಬರುತ್ತದೆ. ತನಗಿಂತ ಕಿರಿಯರೊಡನೆ ಆಡುವಾಗ ಪರೀಕ್ಷೆಗೆ ಬರುವುದು ಆಡುವವನ ನಡೆ.

ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಒಂದು ಪದ್ಧತಿಯುಂಟು. ಚದುರಂಗದ ಮಹಾಪಟು ಒಬ್ಬನೇ ಹತ್ತಾರು ಹವ್ಯಾಸಿಗಳೊಡನೆ ಏಕಕಾಲದಲ್ಲಿ ಆಡುವನು. ಹವ್ಯಾಸಿಗಳು ಮಣೆಗಳ ಮುಂದೆ ಸಾಲಾಗಿ ಕುಳಿತಿರುವರು. ಪಟುವಾದವನು ಮಣೆಯಿಂದ ಮಣೆಗೆ ನಡೆಯುತ್ತ, ಪ್ರತಿಯೊಬ್ಬನ ಮುಂದೆಯೂ ಕ್ಷಣಕಾಲ ನಿಂತು, ತನ್ನ ನಡೆಯನ್ನಿಟ್ಟು ಮುಂದೆ ಸಾಗುವನು. ಕಿರಿಯರು ಕುಳಿತಿರಲು ಹಿರಿಯನು ನಿಂತಿರುವ ಸಭೆ ಲೋಕದಲ್ಲಿ ಅಪರೂಪವೇ ಸರಿ.

ಕ್ಯೂಬಾ ದೇಶದ ಕಾಪಾಬ್ಲಾಂಕನು 1921ರಲ್ಲಿ ಜಗದ್ವಿಜೇತನಾದವನು. ಮರುವರ್ಷ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ 103 ಮಂದಿಯೊಡನೆ ಒಟ್ಟಿಗೆ ಆಡಿ 102 ಆಟಗಳನ್ನು ಗೆದ್ದನು; ಒಂದು ಸಮವಾಯಿತು. ಲೋಕವು ಗೆಲುವಿನ ಲೆಕ್ಕವನ್ನು ಕೊಂಡಾಡುತ್ತದೆ. ಆದರೆ ವಿಚಾರಿಸಿ ನೋಡಿದರೆ, ಪಟುವಿಗೆ ಅದು 103ರಲ್ಲಿ ಒಂದು ಮಣೆ; ಎದುರು ಕುಳಿತ ಹವ್ಯಾಸಿಗೆ ಇರುವುದೇ ಆ ಒಂದು ಮಣೆ. ಅಂಗಡಿಯಲ್ಲಿ ಗಿರಾಕಿಗಳು, ಶಾಲೆಯಲ್ಲಿ ಮಕ್ಕಳು ಸಾಲುಗಟ್ಟಿ ಕಾದಿರುವ ಗೃಹಸ್ಥರಿಗೂ ಈ ಪ್ರಸಂಗ ಹೊಸದಲ್ಲ.

ಇಲ್ಲಿ ಬಲ್ಲವನನ್ನು ಕಾಡುವ ದೋಷ ತಾತ್ಸಾರವೊಂದೇ ಅಲ್ಲ. ಕರುಣೆಯ ಸೋಗಿನಲ್ಲಿ ಬೇಕೆಂದೇ ಸೋತುಕೊಡುವುದೂ ದೋಷವೇ. ತಿರುಪೆಯಾಗಿ ಕೊಟ್ಟ ಗೆಲುವಿನಿಂದ ಪಡೆದವನ ಮಾನ ಹೆಚ್ಚುವುದಿಲ್ಲ. (ಮೊಮ್ಮಗನೊಡನೆ ಆಡುವ ತಾತನ ಮಾತು ಬೇರೆ.) ತನ್ನ ಪೂರ್ಣವಿದ್ಯೆಯನ್ನು ಎದುರಿನವನ ಮುಂದಿಡುವುದೇ ಅವನಿಗೆ ಸಲ್ಲಿಸುವ ಗೌರವ. ಹಾಗೆ ಆಡಿಯೂ ಸೋತಾಗ ಸೋಲನ್ನೊಪ್ಪಿ ಕೈನೀಡುವುದು ಅದಕ್ಕಿಂತ ಹಿರಿದು.

ಮಿಗೆಲ್ ನಾಯ್ಡಾರ್ಫನು ಪೋಲೆಂಡಿನ ಯಹೂದಿ. 1939ರಲ್ಲಿ ತನ್ನ ದೇಶದ ಪರವಾಗಿ ಆಡಲು ಅರ್ಜೆಂಟೀನದ ಬ್ಯೂನಸ್ ಐರಿಸ್‌ಗೆ ಹೋಗಿದ್ದಾಗ ಮಹಾಯುದ್ಧ ಹತ್ತಿಕೊಂಡಿತು. ಹೆಂಡತಿ, ಮಗು, ತಂದೆತಾಯಿಗಳು ಅತ್ತ ಉಳಿದರು. ಇವನು ಇತ್ತ ಉಳಿದನು. 1947ರಲ್ಲಿ ಬ್ರೆಜಿಲಿನ ಸಾವೊ ಪಾಲೊ ನಗರದಲ್ಲಿ ಅವನು ಒಂದು ಮಣೆಯನ್ನೂ ಕಣ್ಣಿನಿಂದ ನೋಡದೆ 45 ಮಂದಿಯೊಡನೆ ಆಡಿದನು. ಅವರ ನಡೆಗಳನ್ನು ಕಿವಿಯಿಂದ ಕೇಳಿ, ಮಣೆಗಳೆಲ್ಲವನ್ನೂ ಮನಸ್ಸಿನಲ್ಲಿಯೇ ಹಿಡಿದು, ಉತ್ತರವನ್ನು ಬಾಯಿಂದ ಹೇಳುತ್ತಿದ್ದನು. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಆಟ ಸಾಗಿತು. 39 ಗೆದ್ದನು, 4 ಸಮವಾದವು, 2 ಸೋತನು.

ಇದೆಲ್ಲ ಕೀರ್ತಿಯ ಆಸೆಯೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲ. ಇಂಥ ಸಾಹಸದ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿದರೆ, ಪೋಲೆಂಡಿನಲ್ಲಿಯೋ ಜರ್ಮನಿಯಲ್ಲಿಯೋ ಬದುಕಿ ಉಳಿದ ತನ್ನವರಾರಾದರೂ ಓದಿ ತಾನಿರುವೆಡೆಯನ್ನು ಅರಿತಾರೆಂಬುದೇ ಅವನ ಹಂಬಲವಾಗಿತ್ತು. ಒಡಲಲ್ಲಿ ಅಂಥ ಉರಿಯಿದ್ದರೂ ಅವನು 45 ಮಂದಿಯಲ್ಲಿ ಒಬ್ಬನನ್ನೂ ಮರೆಯುವಂತಿರಲಿಲ್ಲ. ಒಬ್ಬನ ಮಣೆಯನ್ನು ಇನ್ನೊಬ್ಬನದರೊಡನೆ ಬೆರೆಸಿದರೆ ಆಟವೇ ಕೆಡುವುದು.

ಆ ಸುದ್ದಿಯನ್ನು ಓದಬೇಕಾಗಿದ್ದ ಹೆಂಡತಿ, ಮಗು, ತಂದೆತಾಯಿಗಳನ್ನು ನಾಜಿಗಳು ಅದಕ್ಕೆ ಮೊದಲೇ ಕೊಂದಿದ್ದರು. ನಾಯ್ಡಾರ್ಫನು ಅರ್ಜೆಂಟೀನದಲ್ಲಿಯೇ ನೆಲೆಸಿ, ಮುಪ್ಪಿನವರೆಗೂ ಚದುರಂಗವನ್ನು ಬಿಡದೆ ಆಡುತ್ತ, 1997ರಲ್ಲಿ ಕಾಲವಾದನು.