ಅರ್ಜನೆಯ ಧರ್ಮ

ವ್ಯಾಪಾರದಿಂದ ಧನವನ್ನು ಸಂಪಾದಿಸಿದವನು ಅನ್ನಸತ್ರವನ್ನೋ ಪಾಠಶಾಲೆಯನ್ನೋ ಕಟ್ಟಿಸಿದರೆ ಸಮಾಜದ ಋಣವು ತೀರಿತೆಂದು ಲೋಕವು ಭಾವಿಸುವುದುಂಟು. ದಾನವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೂಕದಲ್ಲಿ ಕದ್ದುದನ್ನು ಸತ್ರದಲ್ಲಿ ಬಡಿಸಿದ ಮಾತ್ರಕ್ಕೆ ಆ ಕಳವು ಪುಣ್ಯವಾಗುವುದೆ? ಧರ್ಮಶಾಸ್ತ್ರಕಾರರು ಶೌಚಗಳಲ್ಲಿ ಅರ್ಥಶೌಚಕ್ಕೆ ಅಗ್ರಸ್ಥಾನವನ್ನು ಕೊಟ್ಟಿರುವುದನ್ನು ನೋಡಿದರೆ, ಧರ್ಮವು ವ್ಯಯದಲ್ಲಿ ಮಾತ್ರವಲ್ಲದೆ ಅರ್ಜನೆಯಲ್ಲಿಯೂ ಇರತಕ್ಕದ್ದೆಂಬುದು ಸ್ಪಷ್ಟವಾಗುತ್ತದೆ.

ಕನ್ನಡನಾಡಿಗೆ ಈ ವಿಚಾರವು ಹೊಸತಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಿದೇವ ಮೊದಲಾದವರು ತಮ್ಮ ತಮ್ಮ ಕಾಯಕದೊಡನೆಯೇ ಶರಣರ ಗೋಷ್ಠಿಯಲ್ಲಿ ಮಾನ್ಯರಾದರು. ಆಯ್ದ ಅಕ್ಕಿಯಿಂದ ಜೀವಿಸುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನು ಹೇಳಿದಳೆಂಬ ಕಥೆಯು ಪ್ರಸಿದ್ಧವಾಗಿದೆ.

ಇದು ಮಹಾತ್ಮರ ಮಾತು, ಪೇಟೆಯಲ್ಲಿ ನಡೆಯದು. ನಾನಾ ಮತದವರು ಒಂದು ಉದ್ಯಮದಲ್ಲಿ ಸೇರಿದರೆ ಕಲಹವೇ ಫಲ ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಇದಕ್ಕೆ ಇಂಗ್ಲಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರೇ ಮೊದಲಾದ ಶ್ರಮಜೀವಿಗಳು ಸಮಾಧಾನವನ್ನು ಹೇಳಿದ್ದಾರೆ. ಕಲಬೆರಕೆಯ ಹಿಟ್ಟಿನಿಂದಲೂ ಅಂಗಡಿಯ ಸಾಲದಿಂದಲೂ ನೊಂದ ಅವರು 28 ಪೌಂಡುಗಳ ಮೂಲಧನದಿಂದ 1844ನೆಯ ಡಿಸೆಂಬರಿನಲ್ಲಿ ತಮ್ಮದೇ ಅಂಗಡಿಯನ್ನು ತೆರೆದರು. ಶುದ್ಧವಾದ ಸರಕು, ಸರಿಯಾದ ತೂಕ, ರೊಕ್ಕದ ವ್ಯಾಪಾರ ಇವು ಅವರ ನಿಯಮಗಳು. ಪಾಲಿನ ಹಣವೆಷ್ಟೇ ಇದ್ದರೂ ಸದಸ್ಯನಿಗೆ ಒಂದೇ ಮತ. ಮತಪಂಥಗಳ ಭೇದವು ಸದಸ್ಯತ್ವಕ್ಕೆ ಅಡ್ಡಿಯಾಗಲಿಲ್ಲ, ಸ್ತ್ರೀಯರಿಗೂ ಪ್ರವೇಶವಿತ್ತು. ಲಾಭವನ್ನು ಕೊಂಡ ಸರಕಿಗೆ ಅನುಗುಣವಾಗಿ ಹಂಚಿದರು. ಮುಂದೆ ಅದರಲ್ಲಿ ಒಂದು ಭಾಗವನ್ನು ವಿದ್ಯಾಪ್ರಸಾರಕ್ಕೆಂದು ತೆಗೆದಿರಿಸಿದರು. ಭೇದಗಳು ಅಳಿಯಲಿಲ್ಲ, ಆದರೆ ಲೆಕ್ಕದ ಪುಸ್ತಕವು ಎಲ್ಲರಿಗೂ ತೆರೆದಿದ್ದುದರಿಂದ ಅವು ವ್ಯವಹಾರವನ್ನು ಕೆಡಿಸಲಿಲ್ಲ.

ಈ ಸಹಕಾರತತ್ತ್ವವು ನಮ್ಮ ನಾಡಿಗೂ ಬಂದಿತು. 1904ರ ಕಾಯಿದೆಯನ್ನನುಸರಿಸಿ 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಗೆ ಬೆದರುತ್ತಿದ್ದ ಒಕ್ಕಲಿಗನಿಗೆ ಸಾಲವನ್ನು ಪಡೆಯುವುದರೊಡನೆ ಸಂಘದ ಆಡಳಿತದಲ್ಲಿ ಮಾತನಾಡುವ ಅಧಿಕಾರವೂ ದೊರೆಯಿತು. ದಾನವನ್ನು ಸ್ವೀಕರಿಸುವವನು ದಾತನ ಲೆಕ್ಕವನ್ನು ಕೇಳಲಾರನು, ಸದಸ್ಯನಾದರೋ ಕೇಳಬಲ್ಲನು.

ಆದರೆ ಸಂಘವೆಂಬ ಹೆಸರೇ ಧರ್ಮವನ್ನು ರಕ್ಷಿಸದು. ಒಂದೇ ಮನೆತನವೋ ಒಂದೇ ಜಾತಿಯೋ ಅದರ ಆಡಳಿತವನ್ನು ವಶಪಡಿಸಿಕೊಂಡರೆ ಸಂಘವೂ ಹಳೆಯ ಸಾಹುಕಾರನ ಗದ್ದಿಗೆಯೇ ಆಗುವುದು. ಆದುದರಿಂದ ಉದ್ಯಮಿಯನ್ನು ಎಷ್ಟು ದಾನಮಾಡಿದನೆಂದು ಮಾತ್ರವೇ ಅಳೆಯದೆ, ಹೇಗೆ ಗಳಿಸಿದನು, ದುಡಿದವರಲ್ಲಿಯೂ ಕೊಂಡವರಲ್ಲಿಯೂ ಯಾರ ಮಾತಿಗೆ ಬೆಲೆಕೊಟ್ಟನು ಎಂಬುದನ್ನು ಮೊದಲು ವಿಚಾರಿಸುವುದು ವಿವೇಕಿಗಳಿಗೆ ಉಚಿತವು.