ಚಳಿಯ ಅಳತೆ

ಮಲೆನಾಡಿನ ಮರಗಳ ಮೇಲೆ ಮುಂಗಾರಿನ ಹೊತ್ತಿಗೆ ತೂಗುವ ಸೀತಾಳೆ ದಂಡೆಯ ಬಳಗದ್ದೇ ನಮ್ಮ ಪೇಟೆಯ ಆರ್ಕಿಡ್. ಜಯನಗರ, ಬನಶಂಕರಿಯ ಬಾಲ್ಕನಿಗಳಿಗೆ ಅದು ಬರುವುದು ಹೆಚ್ಚಾಗಿ ಸಿದ್ದಾಪುರದ ನರ್ಸರಿಗಳಿಂದ, ಹೂವಿನ ಸಮೇತ. ಎರಡು ಮೂರು ತಿಂಗಳು ಹೂವು ನಿಲ್ಲುತ್ತದೆ. ಉದುರಿದ ಮೇಲೆ ದಪ್ಪ ಎಲೆಗಳಷ್ಟೇ ಉಳಿದು, ವರ್ಷ ಕಳೆದರೂ ಮೊಗ್ಗಿನ ಸುಳಿವಿರುವುದಿಲ್ಲ. ಗೊಬ್ಬರ ಹಾಕಿ, ಜಾಗ ಬದಲಿಸಿ, ಕಡೆಗೆ 'ಇದು ಬಂಜೆ ಗಿಡ' ಎಂದು ಮೂಲೆಗೆ ಸರಿಸುವವರಿದ್ದಾರೆ. ಆ ಮಾತು ಗಿಡಕ್ಕೂ ಬೇಡ.

ಗಿಡ ಕಾಯುತ್ತಿರುವುದು ಎಷ್ಟೋ ಸಲ ಗೊಬ್ಬರಕ್ಕಲ್ಲ, ಚಳಿಗೆ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವ, ಪತಂಗದಂಥ ಹೂವಿನ ಫೆಲನಾಪ್ಸಿಸ್, 28 ಡಿಗ್ರಿ ಮೀರಿದ ಸೆಖೆಯಲ್ಲಿ ಬರೀ ಎಲೆ ಬಿಡುತ್ತಾ ಕೂರುತ್ತದೆ. ನಾಲ್ಕೈದು ವಾರ ರಾತ್ರಿ 16ರಿಂದ 18 ಡಿಗ್ರಿಯ ತಂಪು ಸಿಕ್ಕರೆ ಎಲೆಯ ಬುಡದಿಂದ ಹೂವಿನ ಕಡ್ಡಿ ಹೊರಡುತ್ತದೆ. ಮೊಗ್ಗು ಅರಳಲು ಮತ್ತೆ ಎರಡು ಮೂರು ತಿಂಗಳು ಬೇಕು. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ನಮ್ಮೂರಿನಲ್ಲಿ ಇದಕ್ಕೆ ಯಾವ ಯಂತ್ರವೂ ಬೇಡ. ಡಿಸೆಂಬರ್, ಜನವರಿಯ ರಾತ್ರಿಗಳು ಹೇಗೂ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಅವರೆಕಾಯಿಯ ಸೊಗಡು ಬೀದಿ ತುಂಬುವ ಹೊತ್ತಿಗೆ ಕುಂಡವನ್ನು ಹಾಲಿನಿಂದ ಬಾಲ್ಕನಿಗೆ ಸರಿಸಿದರೆ ಸಾಕು.

ಇಷ್ಟು ಕೇಳಿದ ಕೂಡಲೇ ನಮ್ಮ ಬಾಯಿಗೊಂದು ನೀತಿ ಬಂದುಬಿಡುತ್ತದೆ: ಕಷ್ಟ ಕಂಡವರೇ ಅರಳುವುದು. ನನ್ನ ಸಹೋದ್ಯೋಗಿಯೊಬ್ಬರು ಪಿಯುಸಿಗೆಂದು ಮಗಳನ್ನು ದೂರದ ಊರಿನ ಹಾಸ್ಟೆಲಿಗೆ ಸೇರಿಸಿದ್ದರು. ರಾತ್ರಿಯಾದರೆ ಹುಡುಗಿಯ ಫೋನು, ಬರೀ ಅಳು. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ. 'ಇರಲಿ ಬಿಡಿ ಮೇಡಂ, ನಾಲ್ಕು ದಿನ ಕಷ್ಟಪಟ್ಟರೆ ಗಟ್ಟಿಯಾಗ್ತಾಳೆ' ಎಂದು ಸ್ಟಾಫ್ ರೂಮೆಲ್ಲ ಸಮಾಧಾನ ಹೇಳಿತು. 'ಆರ್ಕಿಡ್ಡೂ ಚಳಿ ತಾಗಿದರೇ ಹೂ ಬಿಡೋದಂತೆ' ಎಂದು ಒಬ್ಬರು ಸೇರಿಸಿದರು. ಆ ತಾಯಿ ನನ್ನ ಮುಖ ನೋಡಿದರು.

ಹೋಲಿಕೆ ಸರಿಯೇ? ಗಿಡವನ್ನೇ ಕೇಳೋಣ. ಚಳಿ ಅದಕ್ಕೆ ಆಹಾರವಲ್ಲ, ಒಂದು ಸೂಚನೆ ಅಷ್ಟೇ. ಹೂ ಬಿಡುವ ಶಕ್ತಿ ಬರುವುದು ಹಿಂದಿನ ತಿಂಗಳುಗಳಲ್ಲಿ ಕುಡಿದ ನೀರಿನಿಂದ, ಕಂಡ ಬೆಳಕಿನಿಂದ. ಸೊರಗಿದ ಗಿಡವನ್ನು ಚಳಿಗೆ ನೂಕಿದರೆ ಅದು ಇನ್ನಷ್ಟು ಸೊರಗುತ್ತದೆ. ಚಳಿಗೂ ಒಂದು ಅಳತೆಯಿದೆ. 10 ಡಿಗ್ರಿಗಿಂತ ಕೆಳಗಿಳಿದರೆ ಫೆಲನಾಪ್ಸಿಸ್‌ನ ಎಲೆಗೆ ಪೆಟ್ಟು. ತಂಪಿನಲ್ಲಿ ಸುಳಿಯೊಳಗೆ ನೀರು ನಿಂತರಂತೂ ಗಿಡವೇ ಕೊಳೆಯುತ್ತದೆ. ರಾತ್ರಿ ತಂಪಿದ್ದರೂ ಹಗಲಿಗೆ ಬೆಳಕು ಬೇಕೇ ಬೇಕು. ಎಲ್ಲ ಜಾತಿಗೂ ಒಂದೇ ಲೆಕ್ಕವೂ ಅಲ್ಲ. ಹಿಮಾಲಯದ ತಪ್ಪಲಿನ ಡೆಂಡ್ರೋಬಿಯಂ ನೊಬೈಲ್ ಇನ್ನೂ ಹೆಚ್ಚಿನ ಚಳಿಯನ್ನು ಬಯಸುತ್ತದೆ. ಆಗ್ನೇಯ ಏಷ್ಯಾದ ಪಾರಿವಾಳ ಆರ್ಕಿಡ್‌ಗೆ ಒಂದು ಜೋರು ಮಳೆ ತರುವ ಐದಾರು ಡಿಗ್ರಿಯ ತಂಪೇ ಸಾಕು, ಸುಮಾರು ಒಂಬತ್ತು ದಿನಕ್ಕೆ ಊರಿನ ಗಿಡಗಳೆಲ್ಲ ಒಟ್ಟಿಗೆ ಅರಳುತ್ತವೆ.

'ಅತ್ತೆಮನೆಯಲ್ಲಿ ಬೆಂದವಳೇ ಗಟ್ಟಿಗಿತ್ತಿ' ಎನ್ನುವಾಗ ನಾವು ಅರಳಿದವರನ್ನಷ್ಟೇ ಎಣಿಸುತ್ತೇವೆ. ಅದೇ ಚಳಿಯಲ್ಲಿ ಕೊಳೆತುಹೋದವರು ಲೆಕ್ಕಕ್ಕೆ ಬರುವುದೇ ಇಲ್ಲ. ಚಳಿಯನ್ನು ಹೊಗಳುವವರು ಸಾಮಾನ್ಯವಾಗಿ ಶಾಲು ಹೊದ್ದವರು. ಹಾಗೆಂದು ಮಕ್ಕಳನ್ನು ಸದಾ ಬೆಚ್ಚನೆಯ ಹಾಲಿನಲ್ಲೇ ಇಟ್ಟುಕೊಂಡರೆ ಬರೀ ಎಲೆ. ಅದೂ ನಿಜವೇ. ಕುಂಡವನ್ನು ಹೊರಗಿಡಬಾರದೆಂದಲ್ಲ, ಇಟ್ಟವರು ದಿನಾ ಬೆಳಗ್ಗೆ ಎಲೆ ಮುಟ್ಟಿ ನೋಡಬೇಕು. ಬಾಡಿದ್ದು ಕಂಡರೆ, ನೆರೆಯವರು ಏನೆಂದರೂ, ಒಳಗೆ ತರಬೇಕು. ಕಷ್ಟ ಕೊಡುವ ಅಧಿಕಾರವೇನಾದರೂ ಇದ್ದರೆ ಅದು ಹೀಗೆ ಹತ್ತಿರ ನಿಂತು ನೋಡುವವರಿಗೆ ಮಾತ್ರ.

'ಫೋನಿನಲ್ಲಿ ಗೊತ್ತಾಗುವುದಿಲ್ಲ, ಒಮ್ಮೆ ಹೋಗಿ ನೋಡಿ ಬನ್ನಿ' ಎಂದಷ್ಟೇ ನಾನು ಆ ತಾಯಿಗೆ ಹೇಳಿದೆ. ಶನಿವಾರ ಹೋದವರು ಸೋಮವಾರ ಮಗಳನ್ನು ಕರೆದುಕೊಂಡೇ ಬಂದರು. ಕಟ್ಟಿದ ಫೀಜು ಹೋಯಿತು, ಬಂಧುಗಳ ಮಾತೂ ಕೇಳಬೇಕಾಯಿತು. ಹುಡುಗಿ ಈಗ ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ. ಬನಶಂಕರಿಯ ಬೆಳಗಿನ ನೂಕುನುಗ್ಗಲಿನ ಬಸ್ಸಿಗೆ ಒಬ್ಬಳೇ ಹತ್ತುತ್ತಾಳೆ. ಸದ್ಯಕ್ಕೆ ಅವಳಿಗೆ ಅಷ್ಟು ಚಳಿ ಸಾಕು.